ಭಾನುವಾರ ಮಿಕ್ಸಿ ಹಾಕುವಂತಿಲ್ಲ

ಆ ಭಾನುವಾರ ಬೆಳಿಗ್ಗೆ ಕಾವೇರಿ ನೀರು ಬಂದಿತ್ತು. ಆರ್‌ಪಿಸಿ ಲೇಔಟಿನ ಆ ಅಡ್ಡರಸ್ತೆಯಲ್ಲಿ ನೀರು ಬಂತೆಂದರೆ ನೆಂಟರು ಬಂದ ಹಾಗೆ. ಕೈಯಲ್ಲಿದ್ದ ಕೆಲಸ ಬಿಟ್ಟು ಎದುರುಗೊಳ್ಳಬೇಕು. ಇಲ್ಲದಿದ್ದರೆ ಮುನಿಸಿಕೊಂಡು ಹೊರಟುಬಿಡುತ್ತದೆ. ರಾಗಿಣಿ ನೈಟಿಯ ಮೇಲೆ ಟವೆಲ್ ಹೊದ್ದುಕೊಂಡು, ಸಂಪು ತುಂಬಿಸಿ, ಹಸಿರು ಪೈಪಿನಿಂದ ದಾಸವಾಳದ ಕುಂಡಗಳಿಗೆ ನೀರು ಬಿಡುತ್ತಿದ್ದಳು. ಒಲೆಯ ಮೇಲೆ ಬೇಳೆ, ವಾಷಿಂಗ್ ಮೆಷಿನ್ನಿನಲ್ಲಿ ಮಗಳ ಯೂನಿಫಾರಂ, ತಲೆಯಲ್ಲಿ ಇನ್ನೂ ತಿದ್ದಬೇಕಾದ ಒಂಬತ್ತನೇ ಕ್ಲಾಸಿನ ಗಣಿತದ ಪೇಪರುಗಳು.

"ರಾಗಿಣಿ ಅವರಾ?"

ಗೇಟಿನಾಚೆಯಿಂದ ಗಂಡಸಿನ ದನಿ. ಅವಳು ತಿರುಗಿದಳು. ಅವಳ ಜೊತೆ ಪೈಪೂ ತಿರುಗಿತು.

ನೀರು ನೇರವಾಗಿ ಅವನ ಎದೆಗೆ ಬಡಿಯಿತು. ಗಾಬರಿಯಲ್ಲಿ ಅವಳು ಪೈಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳೇ ಹೊರತು ಪಕ್ಕಕ್ಕೆ ತಿರುಗಿಸಬೇಕೆಂದು ತೋಚಲಿಲ್ಲ. ಅವನೂ ಓಡಲಿಲ್ಲ. ಹೆಗಲಲ್ಲಿದ್ದ ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದು, ಕಣ್ಣು ಮುಚ್ಚಿ, ಅಭಿಷೇಕ ಮಾಡಿಸಿಕೊಳ್ಳುವ ವಿಗ್ರಹದ ಹಾಗೆ ನಿಂತುಬಿಟ್ಟ.

"ನಾನು ನೆನೆದ್ರೂ ಪರವಾಗಿಲ್ಲ ಮೇಡಂ," ಎಂದ ಕಣ್ಣು ಮುಚ್ಚಿಕೊಂಡೇ. "ಕ್ಯಾಸೆಟ್‌ಗಳು ನೆನೀಬಾರ್ದು."

ಅವಳು ಪೈಪನ್ನು ನೆಲಕ್ಕೆ ಹಾಕಿದಳು. ಅದು ಹಾವಿನ ಹಾಗೆ ಒದ್ದಾಡಿ ಅವಳ ಕಾಲನ್ನೂ ನೆನೆಸಿತು.

"ಯಾವ ಕ್ಯಾಸೆಟ್ಟು? ಯಾರು ನೀವು?"

"ರುದ್ರಮುನಿ. ನೀವೇ ಬರಕ್ಕೆ ಹೇಳಿದ್ರಲ್ಲ? ಭಾನುವಾರ ಬೆಳಿಗ್ಗೆ ಬನ್ನಿ, ಅಜ್ಜಿ ಇರ್ತಾರೆ, ಉಪ್ಪಿಟ್ಟೂ ಇರತ್ತೆ ಅಂತ."

ಅವನು ಒದ್ದೆ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನ್ ತೆಗೆದು ಗೇಟಿನ ಸರಳುಗಳ ನಡುವೆ ಚಾಚಿದ. ಅದರಲ್ಲಿ ಅವಳ ಹೆಸರು. ಅವಳ ಫೋಟೊ, ಕೆನ್ನೆಗೆ ಕೆನ್ನೆ ಒತ್ತಿ ನಿಂತ ಮಗಳು ರಕ್ಷಾಳ ಜೊತೆ. ಕೆಳಗೆ ಅವಳು ಜನ್ಮದಲ್ಲಿ ಬರೆಯದ ಸಾಲುಗಳು: 'ನಮ್ಮ ಮನೇಲಿ ಒಂದು ಹಳೇ ಕಂಪ್ಯೂಟರ್ ಇದೆ. ಪಾಪ, ಅದಕ್ಕೆ ಏನೂ ಕೆಲಸ ಇಲ್ಲ. ಯಾರಾದ್ರೂ ಒಂದು ಕೆಲಸ ಕೊಡಿಸ್ತೀರಾ?'

"ಹಳೇ ಕಂಪ್ಯೂಟರ್ ಇಟ್ಕೊಂಡಿರೋರ ಗುಂಪು ಮೇಡಂ ನಮ್ದು, ಫೇಸ್‌ಬುಕ್‌ನಲ್ಲಿ," ಅವನು ಉತ್ಸಾಹದಿಂದ ಹೇಳುತ್ತಿದ್ದ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಎಲ್ಲರೂ ರೇಟು ಕೇಳ್ತಾರೆ, ಪಾರ್ಟ್ಸ್ ಕೇಳ್ತಾರೆ. ಕೆಲಸ ಕೊಡ್ಸಿ ಅಂತ ಕೇಳಿದೋರು ನೀವೊಬ್ರೇ. ಎಷ್ಟು ಚೆನ್ನಾಗಿ ಬರೀತೀರ ನೀವು! ನಾನು ದಿನಾ ಕಾಯ್ತಿದ್ದೆ, ಇವತ್ತೇನು ಬರೀತಾರೋ ಅಂತ…"

"ಅದನ್ನ ನಾನು ಬರ್ದಿಲ್ಲ."

ಅವನು ಚಾಚಿದ್ದ ಫೋನನ್ನು ಹಿಂದಕ್ಕೆ ಎಳೆದುಕೊಂಡ.

ರಾಗಿಣಿ ತಲೆಯೆತ್ತಿ ಕಿಟಕಿಯತ್ತ ನೋಡಿದಳು. ಪರದೆಯ ಸಂದಿಯಲ್ಲಿದ್ದ ಎರಡು ಕಣ್ಣುಗಳು ಥಟ್ಟನೆ ಮಾಯವಾದವು.

"ರಕ್ಷಾ!"

ರುದ್ರಮುನಿಯ ಕಿವಿಗಳು ಕೆಂಪಾದವು. ಮೊದಲು ತುದಿ, ಆಮೇಲೆ ಇಡೀ ಕಿವಿ. ಇಷ್ಟು ದಿನ ತಾನು ಯಾರ ಮಾತಿಗೆ ಮನಸೋತು ಕೂತಿದ್ದೆನೋ ಅವರ ವಯಸ್ಸು ಹತ್ತು ಎಂದು ಅವನಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

"ದಯವಿಟ್ಟು ತಪ್ಪು ತಿಳ್ಕೋಬೇಡಿ ಮೇಡಂ. ನಾನು… ಹೊರಡ್ತೀನಿ."

"ಹೂಂ. ಹೊರಡಿ," ಎಂದಳು ರಾಗಿಣಿ.

"ಅಲ್ಲವಾ," ಜಗಲಿಯಿಂದ ಅತ್ತೆ ಕಮಲಾಕ್ಷಮ್ಮನ ದನಿ ಬಂತು. ಬೆಂಗಳೂರಿಗೆ ಬಂದು ಜೀವಮಾನ ಕಳೆದರೂ ಅವರ ನಾಲಿಗೆಯಿಂದ ಹೊಸಪೇಟೆ ಇಳಿದಿರಲಿಲ್ಲ. "ನೀನೇ ಜಳಕ ಮಾಡ್ಸಿ, ತಲೆ ಒರೆಸ್ದಂಗ ಕಳಿಸ್ತೀಯೇನು? ಬರ್ರಿ ಒಳಗ. ಟವೆಲ್ ಕೊಡ್ತೀನಿ."

*

ಒಳಗೆ ರಾಗಿಣಿ ಮಗಳ ಎರಡೂ ಭುಜ ಹಿಡಿದು ಮಂಡಿಯೂರಿ ಕೂತಳು. ಬಯ್ಯಬೇಕೆಂದುಕೊಂಡ ಮಾತುಗಳೆಲ್ಲ ಗಂಟಲಲ್ಲಿ ಸಾಲುಗಟ್ಟಿದ್ದವು.

"ಯಾರೋ ಏನೋ ಗೊತ್ತಿಲ್ದೋರಿಗೆ ಮನೆ ಅಡ್ರೆಸ್ ಕೊಡ್ತಾರೇನೇ? ಅಮ್ಮನ ಫೋನಿಂದ, ಅಮ್ಮನ ಹೆಸರಲ್ಲಿ?"

ರಕ್ಷಾ ಫ್ರಾಕಿನ ಅಂಚನ್ನು ಹೆಬ್ಬೆರಳಿಗೆ ಸುತ್ತಿಕೊಂಡಳು. ತಪ್ಪು ಮಾಡಿದಾಗ, ಸುಳ್ಳು ಹೇಳುವಾಗ ಅವಳು ಮಾಡುವುದೇ ಹಾಗೆ.

"ಅಪ್ಪನ ಆಟ ಬೇಕಿತ್ತು ಅಮ್ಮಾ."

ಸಾಲುಗಟ್ಟಿದ್ದ ಮಾತುಗಳೆಲ್ಲ ಅಲ್ಲೇ ಕುಸಿದವು.

ರಬ್ಬರ್ ಕೀಗಳ ಆ ಪುಟ್ಟ ಕಪ್ಪು ಸ್ಪೆಕ್ಟ್ರಮ್ ಕಂಪ್ಯೂಟರನ್ನು ಮಾವ ಜಂಬಣ್ಣನವರು ತಮ್ಮ ಮಗ ಹುಡುಗನಾಗಿದ್ದಾಗ ತರಿಸಿಕೊಟ್ಟಿದ್ದರು. ಆ ಮಗ ವಿರೂಪಾಕ್ಷ ದೊಡ್ಡವನಾಗಿ, ರಾಗಿಣಿಯ ಕೈ ಹಿಡಿದು, ರಕ್ಷಾಳ ಅಪ್ಪನಾದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರಲ್ಲಿ ಏನೋ ಆಡುತ್ತಿದ್ದ. ರಾಗಿಣಿ ಯಾವತ್ತೂ ಹೋಗಿ ನೋಡಿದವಳಲ್ಲ. ಅಡುಗೆಮನೆಯಲ್ಲಿ ಕೆಲಸ ಮುಗಿಯುತ್ತಿರಲಿಲ್ಲ. ಹಾಲಿನಿಂದ ಅಪ್ಪ ಮಗಳ ನಗು ಮಾತ್ರ ಕೇಳಿಸುತ್ತಿತ್ತು. ರಕ್ಷಾಳಿಗೆ ನಾಲ್ಕು ತುಂಬಿದ ವರ್ಷ ಒಂದು ಜ್ವರ ಅವನನ್ನು ಕರೆದುಕೊಂಡು ಹೋಯಿತು. ಆಮೇಲೆ ಮನೆ ಬದಲಿಸುವಾಗ ಅದರ ಆಟಗಳಿದ್ದ ಕ್ಯಾಸೆಟ್ಟಿನ ಡಬ್ಬ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಕಂಪ್ಯೂಟರ್ ಮಾತ್ರ ಹಳೆಯ ಕಂಬಳಿ ಸುತ್ತಿಕೊಂಡು ಸಜ್ಜಾದ ಮೇಲೆ ಮಲಗಿತ್ತು.

"ಯಾವ ಆಟ ಅಂತ ನೆನಪಿದ್ಯಾ ಪುಟ್ಟಿ?" ಬಾಗಿಲಲ್ಲಿ ನಿಂತಿದ್ದ ರುದ್ರಮುನಿ ಕೇಳಿದ. ವಿಭೂತಿ ವಾಸನೆಯ ಅಜ್ಜಿಯ ಟವೆಲ್ ಅವನ ಹೆಗಲ ಮೇಲಿತ್ತು.

"ಹೆಸರು ಗೊತ್ತಿಲ್ಲ. ಒಬ್ಬ ಇರ್ತಾನೆ. ಛಾವಣಿಯಿಂದ ಛಾವಣಿಗೆ ಹಾರ್ತಾನೆ. ಕೈಯಲ್ಲಿ ಛತ್ರಿ ಇರತ್ತೆ. ಬಿದ್ರೆ ಛತ್ರಿ ಬಿಚ್ಕೊಳತ್ತೆ, ಅವನು ತೇಲ್ಕೊಂಡು ಬರ್ತಾನೆ. ಅಪ್ಪ 'ಬಂದಾ, ಬಂದಾ' ಅಂತಿದ್ರು."

ಅವನು ರಾಗಿಣಿಯತ್ತ ನೋಡಿದ. ಒದ್ದೆ ಕೂದಲಿನ ಕೆಳಗೆ ಅವನ ಕಣ್ಣುಗಳು ಅನುಮತಿ ಕೇಳುತ್ತಿದ್ದವು. ಕೊಡದಿದ್ದರೂ ಬೇಸರವಿಲ್ಲ ಎಂದೂ ಹೇಳುತ್ತಿದ್ದವು. ಅಂಥ ನೋಟವನ್ನು ಅವಳು ಬಹಳ ಕಾಲದಿಂದ ಕಂಡಿರಲಿಲ್ಲ. ಅದಕ್ಕೇ ಇರಬೇಕು, ತನಗೇ ಆಶ್ಚರ್ಯವಾಗುವಂತೆ, "ಉಪ್ಪಿಟ್ಟು ಇನ್ನೂ ಆಗಿಲ್ಲ, ಸ್ವಲ್ಪ ಕೂತಿರಿ" ಅಂದುಬಿಟ್ಟಳು.

*

ಕಂಪ್ಯೂಟರಿಗೆ ಟೀವಿ ಬೇಕಿತ್ತು. ಹಾಲಿನ ಟೀವಿ ಸಿಕ್ಕಿತು. ಟೇಪ್ ರೆಕಾರ್ಡರ್ ಬೇಕಿತ್ತು. ಆ ಮನೆಯಲ್ಲಿದ್ದದ್ದು ಒಂದೇ, ಕಮಲಾಕ್ಷಮ್ಮ ದಿನಾ ಬೆಳಿಗ್ಗೆ ವಚನ ಕೇಳುವುದು.

"ಕೊಡ್ತೀನಿ. ಆದ್ರ ಬಟನ್ ನಾನೇ ಒತ್ತಾಕಿ," ಎಂದು ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತರು. "ನಿಮ್ಮ ಹೆಸರೇನಂದ್ರಿ? ರುದ್ರಮುನಿ? ಹೆಸರು ಕೇಳಿದ್ರ ಜಟಾ ಗಡ್ಡ ಇರ್ಬೇಕು ಅನ್ನಿಸ್ತೈತಿ. ಮುಖ ನೋಡಿದ್ರ ಬೂಂದಿ ಉಂಡೆ ಇದ್ದಂಗ ಐತಿ."

ರಾಗಿಣಿಗೆ ನಗು ಉಕ್ಕಿತು. ಅದನ್ನು ಮುಚ್ಚಲು ಒಗ್ಗರಣೆಯತ್ತ ತಿರುಗಿಕೊಂಡಳು.

ಅವನು ಜ್ಞಾನಭಾರತಿಯ ಆಚೆ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ತಂತಿಗಳನ್ನು ಒಂದೊಂದಾಗಿ ಸಿಕ್ಕಿಸಿ, ಜೆ ಎಂಬ ಒಂದೇ ಕೀ ಒತ್ತಿದರೆ 'ಲೋಡ್' ಎಂಬ ಇಡೀ ಪದ ಬರುವುದನ್ನು ರಕ್ಷಾಳಿಗೆ ತೋರಿಸಿದ. "ಅಮ್ಮಾ, ಒತ್ತಿ," ಎಂದ. ಕಮಲಾಕ್ಷಮ್ಮ ಬಟನ್ ಒತ್ತಿದರು.

ಟೇಪು ಕಿರುಚಿತು. ಸಾವಿರ ಮಿಡತೆಗಳು ಒಂದೇ ಸಲ ಜಗಳಕ್ಕಿಳಿದ ಹಾಗೆ. ಟೀವಿಯ ಅಂಚಿನಲ್ಲಿ ನೀಲಿ ಹಳದಿ ಗೆರೆಗಳು ಓಡತೊಡಗಿದವು. ರಾಗಿಣಿ ಸೌಟು ಹಿಡಿದೇ ಓಡಿಬಂದಳು.

"ಅಯ್ಯೋ! ಸುಟ್ಟೋಯ್ತಾ?"

"ಇಲ್ಲ ಮೇಡಂ, ಮಾತಾಡ್ತಾ ಇದೆ. ಅದರ ಭಾಷೆ. ನಿಧಾನ, ಸ್ವಲ್ಪ ಹೊತ್ತು ಹಿಡಿಯತ್ತೆ."

ಅಷ್ಟರಲ್ಲಿ ತೊಟ್ಟಿ ತುಂಬಬೇಕೆಂದು ನೆನಪಾಗಿ ಅವಳು ಕೈ ಚಾಚಿ ಗೋಡೆಯ ಮೋಟಾರ್ ಸ್ವಿಚ್ ಹಾಕಿದಳು. ಲೈಟು ಒಮ್ಮೆ ಮಂಕಾಯಿತು. ಟೀವಿಯ ಗೆರೆಗಳು ಸತ್ತವು. ಪರದೆ ಬೆಳ್ಳಗಾಯಿತು.

ಮೂವರೂ ತಿರುಗಿ ಅವಳನ್ನೇ ನೋಡಿದರು.

"ಬಹಳ ಸೂಕ್ಷ್ಮ ಇದು," ಅವನು ತಪ್ಪು ತನ್ನದೇ ಎಂಬಂತೆ ಹೇಳಿದ. "ಲೋಡ್ ಆಗೋವಾಗ ಮೋಟಾರು, ಮಿಕ್ಸಿ ಏನೂ ಹಾಕೋ ಹಾಗಿಲ್ಲ. ಹಾಕಿದ್ರೆ ಎಲ್ಲ ಮರ್ತುಬಿಡತ್ತೆ. ಮೊದಲಿಂದ ಶುರು ಮಾಡ್ಬೇಕು."

"ಹಾಗಾದ್ರೆ ಅಷ್ಟು ಹೊತ್ತು ನಾನೇನ್ ಮಾಡ್ಲಿ?"

"ಕೂತ್ಕೊಳ್ಳಿ ಮೇಡಂ."

ಕೂತ್ಕೊಳ್ಳಿ. ಹಾಗೆಂದು ಆ ಮನೆಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಕೂರದೆ ಓಡಾಡುತ್ತಿದ್ದವಳು ಅವಳೇ. ದಿವಾನಿನ ತುದಿಯಲ್ಲಿ ಕೂತಳು. ಸೌಟು ಇನ್ನೂ ಕೈಯಲ್ಲೇ ಇತ್ತು.

ಎರಡನೇ ಸಲ ಟೇಪು ಪೂರ್ತಿ ಓಡಿತು. ಹೆಸರಿಲ್ಲದ ಹಳೆಯ ಕ್ಯಾಸೆಟ್ಟದು, ಯಾರೋ ನಾಲ್ಕಾರು ಆಟಗಳನ್ನು, ಶುರುವಿನ ಚಿತ್ರಗಳನ್ನು ಬಿಟ್ಟು, ಒಂದರ ಹಿಂದೊಂದು ತುಂಬಿಸಿಟ್ಟದ್ದು. ಪರದೆಯ ಮೇಲೆ ಕೆಂಪು ಛಾವಣಿಗಳು ಮೂಡಿದವು. ಬೆರಳುಗಾತ್ರದ ಒಬ್ಬ ಮನುಷ್ಯ, ಕೈಯಲ್ಲಿ ಕರ್ರಗೆ, ಉದ್ದಕ್ಕೆ ಏನೋ ಹಿಡಿದು ನಿಂತಿದ್ದ.

ರಕ್ಷಾ ಉಸಿರು ಬಿಗಿಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಹೆಬ್ಬೆರಳು ಫ್ರಾಕಿನ ಅಂಚಿನಲ್ಲಿ ಸುತ್ತಿಕೊಂಡಿತ್ತು.

"ಇದೇನಾ ಪುಟ್ಟಿ?"

"…ಅಲ್ಲ. ಇವನ ಕೈಯಲ್ಲಿರೋದು ಛತ್ರಿ ಅಲ್ಲ. ಸೌಟು."

"ಸೌಟಾ?" ಅವನು ಟೀವಿಗೆ ಮೂಗು ತಾಗುವಷ್ಟು ಬಗ್ಗಿದ.

ಕಮಲಾಕ್ಷಮ್ಮ ಕನ್ನಡಕ ಏರಿಸಿ ನೋಡಿದರು. ಮೊಮ್ಮಗಳನ್ನು ನೋಡಿದರು. ಮತ್ತೆ ಪರದೆ ನೋಡಿದರು. "ಹೌದಲ್ರೀ, ಸೌಟೇ ಅದು. ಮ್ಯಾಲ ಗುಂಡ್ಗೈತಿ ನೋಡ್ರಿ."

ರುದ್ರಮುನಿ ರಾಗಿಣಿಯ ಕೈಯಲ್ಲಿದ್ದ ಸೌಟನ್ನೂ ಪರದೆಯನ್ನೂ ಒಂದರ ಪಕ್ಕ ಒಂದಿಟ್ಟು ಹೋಲಿಸುವವನ ಹಾಗೆ ನೋಡಿದ. ಆಮೇಲೆ ಅವಳ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ನಗು ಬಂತು.

"ಮುಂದಿನ ಭಾನುವಾರ ಬೇರೆ ಹುಡ್ಕೊಂಡು ಬರ್ತೀನಿ," ಎಂದು ಅವನು ಗೇಟು ದಾಟಿದಾಗ ರಕ್ಷಾ ಓಡಿಹೋದಳು.

"ಅಂಕಲ್, ಒಂದು ಕೇಳ್ಲಾ?"

"ಕೇಳು."

"…ಏನಿಲ್ಲ."

*

ಭಾನುವಾರಗಳು ಬಂದವು, ಹೋದವು. ಛತ್ರಿಯವನು ಸಿಗಲಿಲ್ಲ.

ರುದ್ರಮುನಿ ಎಲ್ಲೆಲ್ಲಿಂದಲೋ ಆಟ ತಂದ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ತಂದ. ಸಮುದ್ರದಾಚೆಯ ಗುಂಪುಗಳಲ್ಲಿ 'ಛತ್ರಿ ಹಿಡಿದು ಛಾವಣಿ ಹಾರುವವನನ್ನು ಯಾರಾದರೂ ಕಂಡಿದ್ದೀರಾ' ಎಂದು ಕಾಣೆಯಾದವರ ಪ್ರಕಟಣೆಯಂತೆ ಬರೆದ. ಕಪ್ಪೆ ಬಂತು, ಜೇಡ ಬಂತು, ಚಂದ್ರನ ಮೇಲೆ ಇಳಿಯುವ ಗಾಡಿ ಬಂತು. ರಕ್ಷಾ ಪ್ರತಿ ಸಲವೂ ಗಂಭೀರವಾಗಿ ನೋಡಿ ತಲೆಯಾಡಿಸುತ್ತಿದ್ದಳು. "ಇದಲ್ಲ."

ಹಾಗೆಂದು ಕಂಪ್ಯೂಟರ್ ಕೆಲಸವಿಲ್ಲದೆ ಕೂರಲಿಲ್ಲ. ರಕ್ಷಾಳಿಗೆ ಮಗ್ಗಿ ಕೇಳುವ ಕೆಲಸ ಮಾಡಿತು. ಕಮಲಾಕ್ಷಮ್ಮನ ಹುಟ್ಟುಹಬ್ಬಕ್ಕೆ ಅವರ ಹೆಸರನ್ನು ಪರದೆ ತುಂಬ ಬಣ್ಣಬಣ್ಣದಲ್ಲಿ ಬರೆಯಿತು, ಅದೂ ಇಂಗ್ಲಿಷಿನಲ್ಲಿ. "ಇದಕ್ಕ ಕನ್ನಡ ಬರಂಗಿಲ್ಲೇನು?" ಎಂದು ಅವರು ಕೇಳಿದ್ದೇ ತಡ, ಅದಕ್ಕೆ ಕನ್ನಡ ಕಲಿಸುವ ಕೆಲಸ ಶುರುವಾಯಿತು. ಒಂದೊಂದು ಅಕ್ಷರವನ್ನೂ ಪುಟ್ಟ ಚೌಕಗಳಲ್ಲಿ ಕೂರಿಸಬೇಕಿತ್ತು. ರಾಗಿಣಿ ಸ್ಕೂಲಿನ ಗ್ರಾಫ್ ಹಾಳೆ ತಂದಳು.

"ಯಾವ ಅಕ್ಷರ ಮೊದಲು?" ಎಂದಳು ಪೆನ್ಸಿಲ್ ಹಿಡಿದು.

"ರ," ಎಂದಳು ರಕ್ಷಾ. "ನಂಗೂ ಅದೇ, ನಿಂಗೂ ಅದೇ, ಅಂಕಲ್‌ಗೂ ಅದೇ. ಒಂದೇ ಅಕ್ಷರದಲ್ಲಿ ಮೂರು ಜನ ಆಗೋಗತ್ತೆ."

ಪೆನ್ಸಿಲ್ ನಿಂತುಬಿಟ್ಟಿತು. ರಾಗಿಣಿ ತಲೆಯೆತ್ತಲಿಲ್ಲ. ಮೇಜಿನ ಆಚೆ ಅವನ ಬೆರಳುಗಳೂ ನಿಶ್ಚಲವಾಗಿದ್ದದ್ದು ಮಾತ್ರ ಕಂಡಿತು.

"ಅಂಕಲ್‌ಗೆ ಮಾತ್ರ ಒಂದು ಕೊಂಬು ಜಾಸ್ತಿ," ರಕ್ಷಾ ಸೇರಿಸಿದಳು.

"ಕೊಂಬು ಇರೋದೇ ಹುಷಾರಾಗಿರಿ ಅಂತ ಹೇಳಕ್ಕೆ," ಎಂದ ಅವನು. ಆದರೆ ದನಿ ತಮಾಷೆಯಾಗಿ ಬರಲಿಲ್ಲ.

ರಾಗಿಣಿಗೆ ಇಷ್ಟವಾಗಿದ್ದು ಆಟಗಳಲ್ಲ, ಲೋಡ್ ಆಗುವ ಹೊತ್ತು. ಟೇಪು ಕಿರುಚುತ್ತಿರುವಷ್ಟೂ ಕಾಲ ಮನೆ ಸ್ತಬ್ಧವಾಗುತ್ತಿತ್ತು. ವಾಷಿಂಗ್ ಮೆಷಿನ್ ಇಲ್ಲ, ಮಿಕ್ಸಿ ಇಲ್ಲ. ಕೆಲಸ ಮಾಡುವಂತಿಲ್ಲ ಎಂದು ಕಾನೂನೇ ಆಗಿಬಿಟ್ಟಿತ್ತು. ಅವಳು ದಿವಾನಿನ ತುದಿಯಲ್ಲಿ, ಅವನು ಎದುರಿನ ಬೆತ್ತದ ಮೊಡದ ಮೇಲೆ. ಆ ಗದ್ದಲದಲ್ಲಿ ಮೆಲ್ಲಗೆ ಆಡಿದ ಮಾತು ಮೂರನೆಯವರಿಗೆ ಕೇಳಿಸುತ್ತಿರಲಿಲ್ಲ.

"ನಿಮ್ಮ ಕೈಗೆ ಸುಮ್ನೆ ಇರಕ್ಕೆ ಬರಲ್ಲ," ಎಂದ ಒಂದು ದಿನ.

ಅವಳು ನೋಡಿಕೊಂಡಳು. ಬೆರಳುಗಳು ಸೆರಗಿನ ತುದಿಯನ್ನು ಮಡಚುತ್ತಿದ್ದವು, ಬಿಡಿಸುತ್ತಿದ್ದವು. "ಅಭ್ಯಾಸ ಇಲ್ಲ."

"ಕಲ್ತ್ಕೊಳಿ. ನಂಗೇನೂ ಅವಸರ ಇಲ್ಲ."

ಹೇಳಿ ಅವನು ಟೀವಿಯತ್ತ ತಿರುಗಿಕೊಂಡ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ಆ ಕೆಂಪನ್ನು ನೋಡುತ್ತ ಕೂರುವುದು ತನಗೆ ಎಷ್ಟು ಹಿತವೆಂದು ತಿಳಿದು ಅವಳು ಬೆಚ್ಚಿದಳು.

ಇನ್ನೊಂದು ದಿನ ಕಮಲಾಕ್ಷಮ್ಮ ಮುಚ್ಚುಮರೆಯಿಲ್ಲದೆ ಕೇಳಿಬಿಟ್ಟರು. "ಮದ್ವಿ ಆಗಿಲ್ಲೇನ್ರಿ ಮೇಷ್ಟ್ರೇ?"

"ಆಗಿತ್ತು ಅಮ್ಮಾ. ಅವರಿಗೆ ಬೇರೆ ಥರದ ಬದುಕು ಬೇಕಿತ್ತು. ಜಗಳ ಇಲ್ದೆ ದೂರ ಆದ್ವಿ."

"ಮಕ್ಳು?"

"ಇಲ್ಲ. ಮನೇಲಿ ಕಂಪ್ಯೂಟರ್‌ಗಳಿವೆ," ಎಂದು ನಕ್ಕ. ನಗು ಬೇಗ ಮುಗಿಯಿತು. ರಕ್ಷಾ ಅವನನ್ನೇ ನೋಡುತ್ತಿದ್ದವಳು ಬಾಯಿ ತೆರೆದಳು.

"ಅಂಕಲ್, ಒಂದು…"

"ಕೇಳಮ್ಮ."

"ಏನಿಲ್ಲ."

ಆ ರಾತ್ರಿಯಲ್ಲ, ಮರುದಿನ ಬೆಳಿಗ್ಗೆಯೂ ಅಲ್ಲ. ಮುಂದಿನ ಭಾನುವಾರ ಪೈಪು ಹಿಡಿದು ನಿಂತಾಗ ರಾಗಿಣಿಗೆ ಹೊಳೆಯಿತು. ಮೈಮೇಲಿದ್ದದ್ದು ಇಸ್ತ್ರಿ ಮಾಡಿದ ತಿಳಿನೀಲಿ ಕಾಟನ್ ಸೀರೆ. ಸಂಪು ತುಂಬಿಸಲು ಯಾರಾದರೂ ಇಸ್ತ್ರಿ ಸೀರೆ ಉಡುತ್ತಾರೆಯೇ? ಕೈಯಲ್ಲಿದ್ದ ಪೈಪು ಹರಿಯುತ್ತಲೇ ಇತ್ತು. ದಾಸವಾಳದ ಕುಂಡ ತುಂಬಿ, ಮಣ್ಣು ಹೊರಗೆ ಹರಿಯಿತು.

ಅವನಿಗಾಗಿ ಕಾಯುತ್ತಿದ್ದೇನೆ, ಎಂದುಕೊಂಡಳು. ಅಷ್ಟೇ ಅಲ್ಲ, ಇನ್ನೊಂದು ಕೆಟ್ಟ ಸತ್ಯವೂ ಅದರ ಬೆನ್ನಿಗೇ ಬಂತು. ಮಗಳು ಪ್ರತಿ ವಾರ 'ಇದಲ್ಲ' ಎಂದಾಗ ತನ್ನ ಎದೆಯಲ್ಲಿ ಏಳುತ್ತಿದ್ದದ್ದು ನಿರಾಸೆಯಾಗಿರಲಿಲ್ಲ. ಸಮಾಧಾನ. ಮಗಳಿಗೆ ಅಪ್ಪನ ಆಟ ಸಿಗದಿರಲಿ ಎಂದು ಹಾರೈಸುವ ತಾಯಿ! ಅವಳು ನಲ್ಲಿ ನಿಲ್ಲಿಸಿದಳು.

*

ಆ ದಿನವೇ ಅವನು ಬಂದದ್ದು, ಬೇರೆಯ ಮುಖ ಹೊತ್ತು. ಗೇಟಿನಲ್ಲೇ ಚೀಲದಿಂದ ಒಂದು ಕ್ಯಾಸೆಟ್ ತೆಗೆದ.

"ಸಿಕ್ತು."

"ಏನು?"

"ಬಿನ್ನಿಪೇಟೆಯಲ್ಲಿ ಬೆಟ್ಟಯ್ಯ ಅಂತ ಒಬ್ರು ಹಿರಿಯರಿದ್ದಾರೆ. ರೇಡಿಯೊ, ಕ್ಯಾಸೆಟ್ ಎಲ್ಲ ಕೂಡಿಟ್ಟಿದ್ದಾರೆ. ಅವರ ಅಲ್ಮೇರಾದಲ್ಲಿ ಸಿಕ್ತು. ಕವರ್ ನೋಡಿ."

ಕವರಿನ ಮೇಲೆ ಛಾವಣಿ. ಛಾವಣಿಯ ಮೇಲೆ ಒಬ್ಬ ಮನುಷ್ಯ. ಅವನ ಕೈಯಲ್ಲಿ, ಅನುಮಾನಕ್ಕೆ ಜಾಗವೇ ಇಲ್ಲದಂತೆ, ಬಿಚ್ಚಿದ ಕಪ್ಪು ಛತ್ರಿ.

"ಒಳ್ಳೇದಾಯ್ತು," ಎಂದಳು ರಾಗಿಣಿ.

"ಹೂಂ. ಒಳ್ಳೇದಾಯ್ತು," ಎಂದ ಅವನು.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಗೇಟಿನ ಚಿಲಕ ನೋಡಿದರು.

ರಕ್ಷಾ ಕವರ್ ನೋಡಿ ಕುಣಿಯಲಿಲ್ಲ. ಬೆಳ್ಳಗಾದಳು. "ಅಂಕಲ್, ಇವತ್ತು ಬೇಡ, ಹೋಮ್‌ವರ್ಕ್ ಇದೆ," ಎಂದಳು. "ಭಾನುವಾರ ಎಂಥಾ ಹೋಮ್‌ವರ್ಕ್? ಕುಂದ್ರು," ಎಂದು ಅಜ್ಜಿ ಅವಳನ್ನು ಪಕ್ಕಕ್ಕೆ ಎಳೆದುಕೊಂಡರು. ಟೇಪ್ ರೆಕಾರ್ಡರಿನ ಬಟನ್ ಟಕ್ ಎಂದಿತು.

ರಾಗಿಣಿ ಆವತ್ತು ದಿವಾನಿನ ಮೇಲೆ ಕೂರಲಿಲ್ಲ. ಅಡುಗೆಮನೆಗೆ ಹೋದಳು. ಚಟ್ನಿಗೆ ಕಾಯಿ ತುರಿಯಬೇಕಿತ್ತು. ತುರಿಯಲಿಲ್ಲ. ತೊಳೆದಿಟ್ಟ ಮಿಕ್ಸಿ ಜಾರನ್ನು ಸುಮ್ಮನೆ ಅದರ ಪೀಠದ ಮೇಲಿಟ್ಟು, ಅದರ ಮುಚ್ಚಳ ಹಿಡಿದು ನಿಂತಳು.

ಹಾಲಿನಲ್ಲಿ ಮಿಡತೆಗಳು ಕಿರುಚುತ್ತಿದ್ದವು. ಈ ಸದ್ದು ಮುಗಿದರೆ ಆಟ ಬರುತ್ತದೆ. ಆಟ ಬಂದರೆ ಹುಡುಕಾಟ ಮುಗಿಯುತ್ತದೆ. ಅವನು ಉಪ್ಪಿಟ್ಟು ತಿಂದು, ನೀರು ಕುಡಿದು, ಚಪ್ಪಲಿ ಮೆಟ್ಟಿ ಹೊರಡುತ್ತಾನೆ. ಮತ್ತೆ ಬರಲು ಅವನಿಗೊಂದು ಕಾರಣ ಬೇಡವೇ? 'ಬನ್ನಿ' ಎನ್ನಲು ತನಗೊಂದು ಕಾರಣ ಬೇಡವೇ?

"ಛತ್ರಿ ಬಂತು ನೋಡ್ರಿ!" ಅತ್ತೆ ಕೂಗಿದರು. ಆಟಕ್ಕೆ ಮುಂಚೆ ಮೂಡುವ ಚಿತ್ರ, ಗೆರೆಗೆರೆಯಾಗಿ.

ಅವಳ ಕೈ ಸ್ವಿಚ್ ಒತ್ತಿತು. ಗುಂಡಿ ತಿರುಗಿಸಿತು.

ಮಿಕ್ಸಿ ಗುಡುಗಿತು. ಹಾಲಿನಲ್ಲಿ ಕಿರುಚಾಟ ಹಾಗೇ ಇತ್ತು, ಆದರೆ ರಕ್ಷಾ "ಹಾ!" ಎಂದದ್ದು ಕೇಳಿಸಿತು. ಪರದೆ ಬೆಳ್ಳಗಾಗಿರಬೇಕು. ರಾಗಿಣಿ ಮಿಕ್ಸಿ ನಿಲ್ಲಿಸಿದಳು. ತಾನು ಏನು ಮಾಡಿದೆ ಎಂದು ಆಗ ತಿಳಿಯಿತು.

ಟೇಪು ನಿಂತಿತು. ಆ ನಿಶ್ಶಬ್ದದಲ್ಲಿ ಅತ್ತೆಯ ಮಾತು ಸ್ಪಷ್ಟವಾಗಿ ಬಂತು.

"ಜಾರ್ ಖಾಲಿ ಐತಲ್ಲವಾ! ಖಾಲಿ ಜಾರಿನ ಸದ್ದು ನಂಗ್ ಗೊತ್ತಾಗಂಗಿಲ್ಲೇನು? ಏನು ರುಬ್ಬಾಕ್ಹತ್ತಿ?"

ಹೆಜ್ಜೆ ಸಪ್ಪಳ. ಅಡುಗೆಮನೆಯ ಬಾಗಿಲಲ್ಲಿ ಅವನು. ಅವನ ಕಣ್ಣು ಅವಳ ಮುಖದಿಂದ ಜಾರಿಗೆ ಹೋಯಿತು. ಸ್ಟೀಲಿನ ಜಾರು ಫಳಫಳ ಹೊಳೆಯುತ್ತಿತ್ತು, ಒಂದು ತುರಿ ಕಾಯಿಯಿಲ್ಲ, ಒಂದು ಹನಿ ನೀರಿಲ್ಲ. ಅವನು ಜಾರನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಜಾರನ್ನು ನೋಡಿದ. ಲೆಕ್ಕ ಬಿಡಿಸಿ ಉತ್ತರ ನಂಬಲಾಗದ ಹುಡುಗನ ಹಾಗಿತ್ತು ಮುಖ.

"ಯಾಕ್ರೀ?" ಎಂದ, ಪಿಸುಮಾತಿನಲ್ಲಿ.

ಸುಳ್ಳು ಹೇಳಬಹುದಿತ್ತು. ನಾಲಿಗೆ ಒಪ್ಪಲಿಲ್ಲ.

"ಸಿಕ್ಬಿಟ್ರೆ…"

"ಸಿಕ್ಬಿಟ್ರೆ?"

"ಭಾನುವಾರ ನಾನೇನ್ ಮಾಡ್ಲಿ?"

ಅವನು ಗೋಡೆಗೆ ಒರಗಿದ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ: "ಬರೋವಾಗ ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ನಿಂತಿದ್ದೆ. ಈ ಕ್ಯಾಸೆಟ್ ಇಲ್ಲೇ ರಸ್ತೆಗೆ ಬೀಳಿಸ್ಬಿಟ್ರೆ ಯಾರಿಗೆ ಗೊತ್ತಾಗತ್ತೆ ಅಂತ ಅನ್ನಿಸ್ತು. ಚೀಲದಿಂದ ಕೈಗೂ ತಗೊಂಡಿದ್ದೆ."

"ಮತ್ತೆ?"

"ಹಿಂದಿನೋರು ಹಾರ್ನ್ ಹೊಡೆದ್ರು."

ಅವಳು ನಕ್ಕಳು. ನಗುವಿನ ನಡುವೆಯೇ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದವಳ ಕೈಯಲ್ಲಿ ಮಿಕ್ಸಿಯ ಮುಚ್ಚಳ ಇನ್ನೂ ಇತ್ತು. ಅವನು ಬಂದು ಅದನ್ನು ಮೆಲ್ಲಗೆ ಬಿಡಿಸಿ ಕಟ್ಟೆಯ ಮೇಲಿಟ್ಟ. ಬಿಡಿಸಿದ ಕೈಯನ್ನು ಮಾತ್ರ ಬಿಡಲಿಲ್ಲ. ಅವಳ ಕೈ ಸುಮ್ಮನಿತ್ತು. ಬಹಳ ದಿನಗಳ ಮೇಲೆ, ಏನನ್ನೂ ಮಡಚದೆ, ಏನನ್ನೂ ಒರೆಸದೆ.

"ಕಲ್ತ್ಕೊಂಡಿದೆ," ಎಂದ ಅವನು.

ಹಾಲಿನಿಂದ ಮತ್ತೆ ಮಿಡತೆಗಳ ಸದ್ದು. ಇಬ್ಬರೂ ಬೆಚ್ಚಿ ಕೈ ಬಿಟ್ಟರು. ಯಾರೋ ಟೇಪು ಹಿಂದಕ್ಕೆ ಸುತ್ತಿ ಮೊದಲಿಂದ ಹಾಕಿದ್ದರು. ಆ ಮನೆಯಲ್ಲಿ ಆ ಬಟನ್ ಒತ್ತುವವರು ಒಬ್ಬರೇ.

ಅವರು ಹಾಲಿಗೆ ಬಂದಾಗ ಗೆರೆಗಳು ಓಡುತ್ತಿದ್ದವು. ಈ ಸಲ ಯಾರೂ ಮಿಸುಕಲಿಲ್ಲ. ಛತ್ರಿಯ ಚಿತ್ರ ಪೂರ್ತಿಯಾಗಿ ಮೂಡಿತು, ಟೇಪು ನಿಂತಿತು, ಆಟ ಬಂತು.

ಕೆಂಪು ಛಾವಣಿಗಳು. ಬೆರಳುಗಾತ್ರದ ಮನುಷ್ಯ. ಕೈಯಲ್ಲಿ ಕರ್ರಗೆ, ಉದ್ದಕ್ಕೆ…

"ಸೌಟಿನವನು!" ರಾಗಿಣಿಯ ಬಾಯಿಂದ ತಾನಾಗಿ ಬಂತು.

"ಇದು ಮೊದಲನೇ ಭಾನುವಾರದ್ದು," ರುದ್ರಮುನಿ ಹೇಳಿದ. "ಅದೇ ಆಟ. ಇದೇ."

ರಕ್ಷಾ ಅಳುತ್ತಿದ್ದಳು, ಸದ್ದಿಲ್ಲದೆ. ರಬ್ಬರ್ ಕೀಗಳ ಮೇಲೆ ಅವಳ ಬೆರಳು ಚಲಿಸಿತು. ಪುಟ್ಟ ಮನುಷ್ಯ ಛಾವಣಿಯ ಅಂಚಿಗೆ ನಡೆದ, ಅಂಚು ದಾಟಿದ, ಬಿದ್ದ. ಕೈಯಲ್ಲಿದ್ದದ್ದು ಅರಳಿತು. ಕಪ್ಪು ಛತ್ರಿ ಹಿಡಿದು ಅವನು ತೇಲುತ್ತ, ತೇಲುತ್ತ ಕೆಳಗಿಳಿದ.

"ಬಂದಾ, ಬಂದಾ," ಎಂದಳು ರಕ್ಷಾ ಮೆಲ್ಲಗೆ.

ರಾಗಿಣಿ ಮಗಳ ಪಕ್ಕದಲ್ಲಿ ಕುಸಿದು ಕೂತಳು. ಅಂದು ಅಡುಗೆಮನೆಯಿಂದ ಕೇಳಿದ ಆ ನಗುವಿನ ಒಳಗೆ ಇದ್ದದ್ದು ಇದು. ಇಷ್ಟು ವರ್ಷಗಳ ಮೇಲೆ ಅವಳು ಮೊದಲ ಸಲ ನೋಡುತ್ತಿದ್ದಳು.

"ಮೊದಲನೇ ದಿನಾನೇ ಗೊತ್ತಾಗಿತ್ತಾ ಪುಟ್ಟಿ?"

ರಕ್ಷಾ ಹೌದೆಂದು ತಲೆಯಾಡಿಸಿದಳು. ಹೆಬ್ಬೆರಳು ಫ್ರಾಕಿನ ಅಂಚಿನಿಂದ ಹೊರಗಿತ್ತು.

"ಆದ್ರೆ ಅಮ್ಮಾ," ರುದ್ರಮುನಿ ಕಮಲಾಕ್ಷಮ್ಮನತ್ತ ತಿರುಗಿದ, "ನೀವೂ ಸೌಟು ಅಂದ್ರಲ್ಲ?"

"ನನ್ನ ಮಗ ಚಡ್ಡಿ ಹಾಕ್ಕೊಳ್ಳೋ ಕಾಲದಿಂದ ಈ ಛತ್ರಿಯವನ್ನ ನೋಡೀನಿ ನಾನು," ಎಂದರು ಅವರು, ಟೇಪ್ ರೆಕಾರ್ಡರನ್ನು ಸೆರಗಿನಿಂದ ಒರೆಸುತ್ತ. "ಕೂಸು ಸೌಟು ಅಂತು. ಯಾಕ ಅಂತು ಅಂತ ತಿಳೀತು. ನಾನೂ ಸೌಟು ಅಂದೆ." ಸೊಸೆಯ ಮುಖ ನೋಡಲಿಲ್ಲ. ಕೈ ಚಾಚಿ ಅವಳ ತಲೆ ನೇವರಿಸಿದರು. "ಆರು ವರ್ಷದಾಗ ಈಕಿ ಕುಂತದ್ದು ನೋಡಿದ್ದು ಈ ಭಾನುವಾರಗಳೊಳಗ."

ಅತ್ತೆಯ ಕೈ ಭಾರವಾಗಿ, ಬೆಚ್ಚಗೆ ತಲೆಯ ಮೇಲೇ ಇತ್ತು.

ರುದ್ರಮುನಿ ಹಾಲಿನ ನಡುವೆ ನಿಂತಿದ್ದ. ಒಬ್ಬೊಬ್ಬರನ್ನೇ ನೋಡಿದ: ಆಟ ಬಚ್ಚಿಟ್ಟ ಹುಡುಗಿ, ಬಚ್ಚಿಡಲು ನೆರವಾದ ಅಜ್ಜಿ, ಖಾಲಿ ಜಾರು ತಿರುಗಿಸಿದವಳು.

"ಅಂದ್ರೆ… ಇಷ್ಟು ವಾರ ನಿಜವಾಗ್ಲೂ ಹುಡುಕ್ತಾ ಇದ್ದವನು ನಾನೊಬ್ಬನೇನಾ?"

ಮೊದಲು ನಕ್ಕವರು ಕಮಲಾಕ್ಷಮ್ಮ. ಆಮೇಲೆ ರಾಗಿಣಿ, ಕಣ್ಣೀರಿನ ಜೊತೆಗೇ. ಅವನ ಕಿವಿ ಕೆಂಪಾಯಿತು, ಮೊದಲು ತುದಿ, ಆಮೇಲೆ ಇಡೀ ಕಿವಿ. ಅವನು ಮೊಡದ ಮೇಲೆ ಕುಕ್ಕರಿಸಿ, ಮುಖ ಮುಚ್ಚಿಕೊಂಡು, ಭುಜ ಕುಲುಕುವಂತೆ ನಕ್ಕ.

ರಕ್ಷಾ ಒಬ್ಬಳೇ ನಗಲಿಲ್ಲ. ಪರದೆಯ ಮೇಲೆ ಪುಟ್ಟ ಮನುಷ್ಯ ಛತ್ರಿ ಮಡಚಿಕೊಂಡು ಕಾಯುತ್ತಿದ್ದ. ಅವಳು ಎದ್ದು ಬಂದು ರುದ್ರಮುನಿಯ ಎದುರು ನಿಂತಳು.

"ಅಂಕಲ್, ಒಂದು ಕೇಳ್ಲಾ?"

ಅವನು ಮುಖದಿಂದ ಕೈ ತೆಗೆದ. "ಕೇಳು."

ಅವಳು ಅಮ್ಮನನ್ನು ಒಮ್ಮೆ ನೋಡಿದಳು. 'ಏನಿಲ್ಲ' ಎನ್ನುತ್ತಾಳೆಂದು ರಾಗಿಣಿ ಕಾದಳು. ರಕ್ಷಾ ಹಾಗೆನ್ನಲಿಲ್ಲ.

"ಆಟ ಸಿಕ್ಕಿದ್ಮೇಲೂ ಬರ್ತೀರಾ?"